ಲೇಖಕರೇ ತುಂಬಬೇಕಾದ ಭಂಡಾರ

1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಸೇರಿದ್ದ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಸಿ. ವಿ. ರಾಮನ್ ಅವರು ‘ಒಂದು ಹೊಸ ವಿಕಿರಣ’ ಎಂಬ ವಿಷಯವನ್ನು ಕುರಿತು ಉಪನ್ಯಾಸ ನೀಡಿದರು. ಫೆಬ್ರವರಿ 28ರಂದು ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ಕಂಡುಬಂದಿದ್ದ ಬೆಳಕಿನ ಚದುರಿಕೆಯ ವಿಶೇಷವನ್ನು ಅವರು ಆ ವಿದ್ವತ್ಸಭೆಯ ಮುಂದೆ ವಿಸ್ತಾರವಾಗಿ ನಿರೂಪಿಸಿದರು. ಅವರೇ 1926ರಲ್ಲಿ ಆರಂಭಿಸಿದ್ದ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ ಪತ್ರಿಕೆಯಲ್ಲಿ ಆ ಉಪನ್ಯಾಸ ಕೂಡಲೇ ಅಚ್ಚಾಯಿತು. ಪತ್ರಿಕೆಯ ಸಂಚಿಕೆ ತಾನಾಗಿ ಯೂರೋಪಿನ ಗ್ರಂಥಾಲಯಗಳನ್ನು ತಲುಪಲಿ ಎಂದು ರಾಮನ್ ಕಾದು ಕೂರಲಿಲ್ಲ. ಲೇಖನದ ಬಿಡಿ ಪ್ರತಿಗಳು ಅಂಚೆಯ ಮೂಲಕ ಹಲವು ದೇಶಗಳ ಭೌತವಿಜ್ಞಾನಿಗಳ ಕೈಸೇರಿದವು. ಅದೇ ಕಾಲದಲ್ಲಿ ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅವರೂ ಹರಳುಗಳಲ್ಲಿ ಇದೇ ವಿದ್ಯಮಾನವನ್ನು ಕಂಡಿದ್ದರು ಎಂಬುದನ್ನು ನೆನೆದರೆ, ಆ ಅಂಚೆಯ ಲಕೋಟೆಗಳ ಬೆಲೆ ಏನೆಂಬುದು ತಿಳಿಯುತ್ತದೆ. 1930ರ ನೊಬೆಲ್ ಪುರಸ್ಕಾರ ರಾಮನ್ ಅವರೊಬ್ಬರಿಗೇ ಸಂದಿತು.

ಬಿಡಿ ಪ್ರತಿಗಳನ್ನು ಹಂಚುವ ಈ ಪದ್ಧತಿ ರಾಮನ್ ಅವರ ವೈಯಕ್ತಿಕ ಉಪಾಯವೇನೂ ಆಗಿರಲಿಲ್ಲ. ವಿದ್ವತ್ಪತ್ರಿಕೆಗಳು ಲೇಖಕನಿಗೆ ಸಂಭಾವನೆ ಕೊಡುವುದಿಲ್ಲ. ಅದಕ್ಕೆ ಬದಲಾಗಿ ಅವನ ಲೇಖನದ ಕೆಲವು ಬಿಡಿ ಪ್ರತಿಗಳನ್ನು ಕೊಡುವುದು ರೂಢಿಯಾಗಿತ್ತು. ದೂರದ ಊರಿನ ಓದುಗನು ಒಂದು ಕಾರ್ಡು ಬರೆದರೆ ಲೇಖಕನು ಒಂದು ಪ್ರತಿಯನ್ನು ಕಳುಹಿಸುತ್ತಿದ್ದನು. ಕಾದಂಬರಿಕಾರನು ಪುಸ್ತಕ ಮಾರಾಟವಾಗಲೆಂದು ಬಯಸುತ್ತಾನೆ. ಸಂಶೋಧಕನು ತನ್ನ ಲೇಖನ ಓದಲ್ಪಡಲಿ, ಉಲ್ಲೇಖಗೊಳ್ಳಲಿ ಎಂದಷ್ಟೇ ಬಯಸುತ್ತಾನೆ. ಆದ್ದರಿಂದ ಅಂತರಜಾಲ ಬಂದಾಗ ಲೋಕದ ಸಂಶೋಧಕರೆಲ್ಲರೂ ತಮ್ಮ ಲೇಖನಗಳನ್ನು ಮುಕ್ತವಾಗಿ ತೆರೆದಿಡುವರು ಎಂದು ನಿರೀಕ್ಷಿಸುವುದು ಸಹಜವೇ ಆಗಿತ್ತು. ಹಾಗಾಗಲಿಲ್ಲ. ಒಂದು ಶಾಸ್ತ್ರದವರು ಒಂದೇ ವರ್ಷದಲ್ಲಿ ಮಾಡಿದ್ದನ್ನು ಇನ್ನೊಂದು ಶಾಸ್ತ್ರದವರು ಕಾನೂನು ಬರುವವರೆಗೂ ಮಾಡಲಿಲ್ಲ. ಈ ವ್ಯತ್ಯಾಸದ ಕಾರಣವು ಯಂತ್ರಗಳಲ್ಲಿ ಇಲ್ಲ. ಯಂತ್ರಗಳಿಗೆ ಮೊದಲೇ ಬೇರೂರಿದ್ದ ರೂಢಿಗಳಲ್ಲಿದೆ.

ಭೌತವಿಜ್ಞಾನದಲ್ಲಿ, ವಿಶೇಷವಾಗಿ ಮೂಲಕಣಗಳ ಅಧ್ಯಯನದಲ್ಲಿ, ಎರಡನೆಯ ಮಹಾಯುದ್ಧದ ನಂತರ ಒಂದು ವಿಶಿಷ್ಟ ಪರಿಪಾಠ ಬೆಳೆಯಿತು. ಲೇಖನವು ಪತ್ರಿಕೆಗೆ ಹೋಗುವ ದಿನವೇ ಅದರ ಕಲ್ಲಚ್ಚಿನಂಥ ನಕಲುಗಳನ್ನು ತೆಗೆದು, ಸಹೋದ್ಯೋಗಿಗಳಿಗೂ ಪ್ರಮುಖ ಪ್ರಯೋಗಶಾಲೆಗಳಿಗೂ ಕಳುಹಿಸಲಾಗುತ್ತಿತ್ತು. ಇವುಗಳಿಗೆ ಪ್ರಿಪ್ರಿಂಟ್, ಅಂದರೆ ಮುದ್ರಣಪೂರ್ವ ಪ್ರತಿ, ಎಂದು ಹೆಸರು. ಜಿನೀವಾದ ಸೆರ್ನ್ ಪ್ರಯೋಗಶಾಲೆಯ ಗ್ರಂಥಾಲಯವು ಇವುಗಳನ್ನು ಶ್ರದ್ಧೆಯಿಂದ ಸಂಗ್ರಹಿಸುತ್ತಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರೇಖೀಯ ವೇಗೋತ್ಕರ್ಷಕ ಕೇಂದ್ರದ ಗ್ರಂಥಾಲಯವು 1969ರಿಂದ ಹೊಸದಾಗಿ ಬಂದ ಪ್ರಿಪ್ರಿಂಟ್‌ಗಳ ಪಟ್ಟಿಯನ್ನು ವಾರಕ್ಕೊಮ್ಮೆ ಪ್ರಕಟಿಸತೊಡಗಿತು. 1974ರ ಹೊತ್ತಿಗೆ ಆ ಪಟ್ಟಿ ಗಣಕಯಂತ್ರವನ್ನು ಸೇರಿತು. ಈ ಕಾರ್ಯದಲ್ಲಿ ಗ್ರಂಥಪಾಲಕಿ ಲೂಯಿಸ್ ಆಡಿಸ್ ಅವರ ಪಾತ್ರ ಹಿರಿದು. ವಿಜ್ಞಾನದ ಚರಿತ್ರೆಯಲ್ಲಿ ಗ್ರಂಥಪಾಲಕರ ಹೆಸರು ಅಪರೂಪವಾಗಿ ಬರುವುದರಿಂದ ಇದನ್ನು ಇಲ್ಲಿ ಹೇಳಬೇಕಾಗಿದೆ.

ಈ ಪರಿಪಾಠದಲ್ಲಿ ಒಂದು ದೋಷವಿತ್ತು. ನಕಲುಗಳನ್ನು ಯಾರಿಗೆ ಕಳುಹಿಸಬೇಕು ಎಂಬ ಪಟ್ಟಿಯು ಕಳುಹಿಸುವವರ ಕೈಯಲ್ಲಿತ್ತು. ಪ್ರಿನ್ಸ್‌ಟನ್ನಿನಲ್ಲಿ ಕುಳಿತವನಿಗೆ ಎರಡು ದಿನದಲ್ಲಿ ತಲುಪಿದ ಪ್ರತಿ ಭಾರತದ ಒಂದು ವಿಶ್ವವಿದ್ಯಾಲಯಕ್ಕೆ ಹಡಗಿನ ಅಂಚೆಯಲ್ಲಿ ತಿಂಗಳುಗಳ ಬಳಿಕ ಬರಬಹುದು, ಬಾರದೆಯೂ ಇರಬಹುದು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಪತ್ರಿಕೆಯ ಅಚ್ಚಾದ ಸಂಚಿಕೆಯೇ ಗತಿ. ಅದು ಕೈಗೆ ಬರುವ ವೇಳೆಗೆ ಆ ವಿಷಯದ ಮುಂದಿನ ಹೆಜ್ಜೆಯನ್ನು ಬೇರೆಯವರು ಇಟ್ಟಾಗಿರುತ್ತಿತ್ತು.

ಜೀವವಿಜ್ಞಾನದಲ್ಲಿಯೂ ಇಂಥ ಒಂದು ಪ್ರಯತ್ನ ನಡೆದಿತ್ತು ಎಂಬುದು ಇಂದು ಬಹುಮಟ್ಟಿಗೆ ಮರೆತುಹೋದ ಸಂಗತಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 1961ರಲ್ಲಿ ಎರೆಟ್ ಆಲ್‌ಬ್ರಿಟನ್ ಅವರ ನೇತೃತ್ವದಲ್ಲಿ ‘ಮಾಹಿತಿ ವಿನಿಮಯ ಗುಂಪು’ಗಳನ್ನು ರಚಿಸಿತು. ಸದಸ್ಯನು ತನ್ನ ಲೇಖನದ ಒಂದು ಪ್ರತಿಯನ್ನು ಕಚೇರಿಗೆ ಕಳುಹಿಸಿದರೆ ಸಾಕು; ಸರ್ಕಾರವೇ ನಕಲು ತೆಗೆದು ಆ ಗುಂಪಿನ ಎಲ್ಲ ಸದಸ್ಯರಿಗೂ ಅಂಚೆಯಲ್ಲಿ ಮುಟ್ಟಿಸುತ್ತಿತ್ತು. ಕೆಲವೇ ವರ್ಷಗಳಲ್ಲಿ ಸದಸ್ಯರ ಸಂಖ್ಯೆ 3,600ನ್ನು ಮೀರಿತು. ಹಂಚಲ್ಪಟ್ಟ ಬರಹಗಳು 2,500ಕ್ಕೂ ಹೆಚ್ಚು. ವಿಜ್ಞಾನಿಗಳು ಉತ್ಸಾಹದಿಂದಲೇ ಪಾಲ್ಗೊಂಡರು. ಆದರೆ ಪತ್ರಿಕೆಗಳ ಸಂಪಾದಕರಿಗೆ ಇದು ರುಚಿಸಲಿಲ್ಲ. ಹೀಗೆ ಮೊದಲೇ ಹಂಚಿಕೆಯಾದ ಲೇಖನಗಳನ್ನು ತಾವು ಪ್ರಕಟಿಸುವುದಿಲ್ಲವೆಂದು 1966ರಲ್ಲಿ ಹಲವು ಜೀವರಸಾಯನ ಪತ್ರಿಕೆಗಳ ಸಂಪಾದಕರು ಒಟ್ಟಾಗಿ ನಿರ್ಧರಿಸಿದರು. 1967ರಲ್ಲಿ ಯೋಜನೆ ನಿಂತುಹೋಯಿತು. 1969ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯ ಸಂಪಾದಕ ಫ್ರಾಂಟ್ಸ್ ಇಂಗೆಲ್‌ಫಿಂಗರ್ ಅವರು, ಬೇರೆಡೆ ಬೆಳಕು ಕಂಡ ಸಂಶೋಧನೆಯನ್ನು ತಮ್ಮ ಪತ್ರಿಕೆ ಸ್ವೀಕರಿಸದು ಎಂಬ ನಿಯಮವನ್ನು ಸಾರಿದರು. ಅದು ವೈದ್ಯಕೀಯ ಪತ್ರಿಕೆಗಳ ಸಾಮಾನ್ಯ ಧರ್ಮವೇ ಆಯಿತು. ಭೌತವಿಜ್ಞಾನದ ಪತ್ರಿಕೆಗಳು ಇಂಥ ನಿಷೇಧವನ್ನು ಹೇರಲಿಲ್ಲ. ಇದರಿಂದ ಮುಂದಿನ ಎರಡು ತಲೆಮಾರಿನ ಜೀವವಿಜ್ಞಾನಿಗಳು ‘ಮೊದಲು ಹಂಚಿದರೆ ಪ್ರಕಟಣೆ ತಪ್ಪುತ್ತದೆ’ ಎಂಬ ಭಯದಲ್ಲಿಯೇ ಶಿಕ್ಷಣ ಪಡೆದರು. ಭೌತವಿಜ್ಞಾನಿಗಳು ಆ ಭಯವನ್ನೇ ಅರಿಯಲಿಲ್ಲ.

1991ರ ಆಗಸ್ಟ್ 14ರಂದು ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಶಾಲೆಯಲ್ಲಿ ಪಾಲ್ ಗಿನ್ಸ್‌ಪರ್ಗ್ ಅವರು ಆರಂಭಿಸಿದ ವ್ಯವಸ್ಥೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದಕ್ಕೂ ಮೊದಲು, 1989ರಿಂದಲೇ, ಜೋಆನ್ ಕಾನ್ ಎಂಬ ಭೌತವಿಜ್ಞಾನಿ ತಮ್ಮ ಕ್ಷೇತ್ರದ ಹೊಸ ಲೇಖನಗಳ ಕಡತಗಳನ್ನು ಇ-ಮೇಲ್ ಮೂಲಕ ಪರಿಚಿತರಿಗೆಲ್ಲ ಕಳುಹಿಸುತ್ತಿದ್ದರು. 1991ರ ಬೇಸಿಗೆಯಲ್ಲಿ ಆಸ್ಪೆನ್ ಎಂಬ ಊರಿನಲ್ಲಿ ನಡೆದ ಮಾತುಕತೆಯ ನಡುವೆ ಒಬ್ಬ ವಿದ್ವಾಂಸರು, ತಾವು ಪ್ರವಾಸದಲ್ಲಿರುವಾಗ ಬಂದು ಬೀಳುವ ಲೇಖನಗಳಿಂದ ತಮ್ಮ ಗಣಕಯಂತ್ರದ ಜಾಗವೆಲ್ಲ ತುಂಬಿಹೋಗುವುದೆಂದು ಚಿಂತೆ ತೋಡಿಕೊಂಡರು. ಲೇಖನಗಳನ್ನು ಒಂದೆಡೆ ಇಟ್ಟು, ಬೇಕಾದವರು ಬೇಕಾದಾಗ ತರಿಸಿಕೊಳ್ಳುವಂತೆ ಮಾಡಿದರೆ ಹೇಗೆ ಎಂಬ ಯೋಚನೆ ಗಿನ್ಸ್‌ಪರ್ಗ್ ಅವರಿಗೆ ಬಂದದ್ದು ಆಗ. ವರ್ಷಕ್ಕೆ ನೂರು ಲೇಖನಗಳು ಬಂದಾವು ಎಂಬುದು ಅವರ ಅಂದಾಜು. ಮೂರು ತಿಂಗಳು ಇರಿಸಿ ಅಳಿಸಿಬಿಡುವುದು ಅವರ ಉದ್ದೇಶ. ಮೊದಲ ಅರ್ಧ ವರ್ಷದಲ್ಲಿಯೇ 400 ಲೇಖನಗಳು ಬಂದವು. ಯಾವುದನ್ನೂ ಅಳಿಸಲಾಗಲಿಲ್ಲ.

ಮುಂದೆ ಈ ಭಂಡಾರಕ್ಕೆ ‘ಆರ್ಕೈವ್’ ಎಂಬ ಹೆಸರಾಯಿತು. ಅದರ ಇಂಗ್ಲಿಷ್ ಬರಹದಲ್ಲಿ ನಡುವೆ ಬರುವ ‘ಎಕ್ಸ್’ ಅಕ್ಷರವನ್ನು ಗ್ರೀಕರ ‘ಖೈ’ ಎಂದು ಓದಬೇಕೆಂಬುದು ಅದನ್ನು ಹುಟ್ಟುಹಾಕಿದವರ ವಿನೋದ. 2001ರಲ್ಲಿ ಅದು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸ್ಥಳಾಂತರಗೊಂಡಿತು. ಚೆನ್ನೈನ ಗಣಿತವಿಜ್ಞಾನ ಸಂಸ್ಥೆಯಲ್ಲಿ ಅದರ ಪ್ರತಿರೂಪವೊಂದನ್ನು ಇರಿಸಲಾಯಿತು. 2014ರ ಕೊನೆಗೆ ಅದರಲ್ಲಿ ಹತ್ತು ಲಕ್ಷ, 2022ರ ಆರಂಭಕ್ಕೆ ಇಪ್ಪತ್ತು ಲಕ್ಷ ಲೇಖನಗಳು ತುಂಬಿದವು. ರಷ್ಯಾದ ಗಣಿತಜ್ಞ ಗ್ರಿಗೊರಿ ಪೆರೆಲ್ಮನ್ ಅವರು 2002 ಮತ್ತು 2003ರಲ್ಲಿ ಪ್ವಾಂಕರೆಯ ಊಹೆಯನ್ನು ಸಾಧಿಸಿದ ತಮ್ಮ ಮೂರು ಲೇಖನಗಳನ್ನು ಇಲ್ಲಿ ಇರಿಸಿ ಸುಮ್ಮನಾದರು. ಯಾವ ಪತ್ರಿಕೆಗೂ ಕಳುಹಿಸಲಿಲ್ಲ. ಅವುಗಳನ್ನು ಪರಿಶೀಲಿಸಲು ಲೋಕದ ಗಣಿತಜ್ಞರಿಗೆ ಯಾವ ಪತ್ರಿಕೆಯ ಚಂದಾವೂ ಬೇಕಾಗಲಿಲ್ಲ. ಹಡಗಿನ ಅಂಚೆಗಾಗಿ ಕಾಯುತ್ತಿದ್ದ ಭಾರತದ ಭೌತವಿಜ್ಞಾನಿಯೂ ಪ್ರಿನ್ಸ್‌ಟನ್ನಿನವನೂ ಈಗ ಒಂದೇ ದಿನ ಒಂದೇ ಲೇಖನವನ್ನು ಓದುವಂತಾದರು.

ಇಷ್ಟು ದೊಡ್ಡ ಫಲ ಇಷ್ಟು ಸುಲಭವಾಗಿ ದೊರೆತದ್ದನ್ನು ಕಂಡವರಿಗೆ, ಇತರ ಶಾಸ್ತ್ರಗಳಲ್ಲಿಯೂ ಇದೇ ನಡೆಯಬಹುದೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಬುಡಾಪೆಸ್ಟಿನಲ್ಲಿ ಹುಟ್ಟಿ ಮುಂದೆ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನೆಲೆಸಿದ್ದ ಸ್ಟೀವನ್ ಹಾರ್ನಾಡ್ ಅವರು 1994ರ ಜೂನ್‌ನಲ್ಲಿ ‘ಒಂದು ಬುಡಮೇಲು ಸಲಹೆ’ ಎಂದು ಅನುವಾದಿಸಬಹುದಾದ ಶೀರ್ಷಿಕೆಯ ಒಂದು ಟಿಪ್ಪಣಿಯನ್ನು ಪ್ರಸಾರ ಮಾಡಿದರು. ಸಂಭಾವನೆಯ ಆಸೆಯಿಲ್ಲದೆ ಬರೆಯುವ ಲೇಖಕರೆಲ್ಲರೂ ತಮ್ಮ ಬರಹಗಳನ್ನು ಈ ಕ್ಷಣದಿಂದ ತಮ್ಮ ಸಂಸ್ಥೆಯ ಗಣಕಯಂತ್ರದಲ್ಲಿ ತೆರೆದಿಟ್ಟರೆ ಸಾಕು, ಮಿಕ್ಕದ್ದು ತಾನಾಗಿ ಆಗುತ್ತದೆ ಎಂಬುದು ಅದರ ಸಾರ. ‘ಸ್ವಯಂ ಸಂಚಯನ’ ಎಂದು ಕರೆಯಬಹುದಾದ ಕ್ರಮ ಇದು. 1997ರಲ್ಲಿ ಹಾರ್ನಾಡ್ ಅವರು ಮನಶ್ಶಾಸ್ತ್ರ ಮೊದಲಾದ ವಿಷಯಗಳಿಗಾಗಿ ‘ಕಾಗ್‌ಪ್ರಿಂಟ್ಸ್’ ಎಂಬ ಭಂಡಾರವನ್ನು ತೆರೆದರು. 2000ದಲ್ಲಿ ಯಾವ ವಿಶ್ವವಿದ್ಯಾಲಯವಾದರೂ ಉಚಿತವಾಗಿ ಅಳವಡಿಸಿಕೊಳ್ಳಬಹುದಾದ ‘ಇಪ್ರಿಂಟ್ಸ್’ ತಂತ್ರಾಂಶ ಸೌತಾಂಪ್ಟನ್ನಿನಿಂದ ಹೊರಬಂತು. 2001ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟಿನಲ್ಲಿ ಸೇರಿದ ಒಂದು ಸಣ್ಣ ಸಭೆಯ ಫಲವಾಗಿ 2002ರ ಫೆಬ್ರವರಿ 14ರಂದು ಪ್ರಕಟವಾದ ಘೋಷಣೆಯು ‘ಮುಕ್ತ ಪ್ರವೇಶ’ ಎಂಬ ಪದಕ್ಕೆ ಅರ್ಥವನ್ನು ನಿಶ್ಚಯಿಸಿತು. ಸ್ವಯಂ ಸಂಚಯನ ಮತ್ತು ಮುಕ್ತ ಪತ್ರಿಕೆಗಳು ಎಂಬ ಎರಡು ದಾರಿಗಳನ್ನೂ ತೋರಿಸಿತು.

ಈ ಚಳವಳಿಯ ಹಿಂದೆ ಆದರ್ಶವಷ್ಟೇ ಇರಲಿಲ್ಲ. ಹಣದ ಕಷ್ಟವೂ ಇತ್ತು. ವಿದ್ವತ್ಪತ್ರಿಕೆಗಳ ಚಂದಾ ದಶಕಗಳಿಂದ ಸಾಮಾನ್ಯ ಬೆಲೆಯೇರಿಕೆಯನ್ನು ಮೀರಿ ಏರುತ್ತಿತ್ತು. ಸಂಶೋಧಕನಿಗೆ ವೇತನ ಕೊಡುವುದು ಸಾರ್ವಜನಿಕ ಹಣ. ಅವನು ಲೇಖನವನ್ನು ಪತ್ರಿಕೆಗೆ ಬಿಟ್ಟಿಯಾಗಿ ಕೊಡುತ್ತಾನೆ, ಅವನಂಥದೇ ಮತ್ತೊಬ್ಬನು ಬಿಟ್ಟಿಯಾಗಿ ಪರಿಶೀಲಿಸುತ್ತಾನೆ, ಕೊನೆಗೆ ಆ ಲೇಖನವನ್ನು ಅವನ ವಿಶ್ವವಿದ್ಯಾಲಯದ ಗ್ರಂಥಾಲಯವೇ ಹಣ ತೆತ್ತು ಕೊಳ್ಳುತ್ತದೆ. ಕೊಳ್ಳಲಾರದ ಗ್ರಂಥಾಲಯವಿರುವ ಊರಿನಲ್ಲಿ ತಾನು ಬರೆದ ಲೇಖನ ಸಾಲಾಗಿ ಅಚ್ಚಾದ ಸಂಚಿಕೆಯನ್ನು ಲೇಖಕನೇ ಕಾಣಲಾರ. ಹಸುವನ್ನು ಸಾಕಿದವನು ಹಾಲನ್ನು ಪೇಟೆಯಿಂದ ತರಬೇಕಾದ ಈ ವ್ಯವಸ್ಥೆ ಎಷ್ಟು ವಿಚಿತ್ರವೆಂಬುದು ಹಳ್ಳಿಯ ಯಾರಿಗಾದರೂ ತಿಳಿಯುವಂಥದು.

ತಂತ್ರಾಂಶ ಉಚಿತವಾಗಿ ಬಂತು, ಘೋಷಣೆಯೂ ಬಂತು, ಪ್ರಕಾಶಕರ ಪ್ರತಿರೋಧವೂ ಊಹಿಸಿದಷ್ಟು ಇರಲಿಲ್ಲ. ಪ್ರಕಾಶಕರಲ್ಲಿ ದೊಡ್ಡದಾದ ಎಲ್ಸೆವಿಯರ್ ಸಂಸ್ಥೆಯೂ 2004ರಲ್ಲಿ, ಲೇಖಕರು ತಮ್ಮ ಅಂತಿಮ ಹಸ್ತಪ್ರತಿಯನ್ನು ತಮ್ಮ ಸಂಸ್ಥೆಯ ತಾಣದಲ್ಲಿ ಇರಿಸಬಹುದೆಂದು ಒಪ್ಪಿತು. ಲೋಕದ ನೂರಾರು ವಿಶ್ವವಿದ್ಯಾಲಯಗಳು ಭಂಡಾರಗಳನ್ನು ಕಟ್ಟಿದವು. ಆದರೆ ಆ ಭಂಡಾರಗಳಲ್ಲಿ ಬಹುಪಾಲು ಬರಿದಾಗಿಯೇ ಉಳಿದವು.

ಬರಿದಾಗಿ ಉಳಿದದ್ದೇಕೆಂದು ಹಲವರು ವಿಚಾರಿಸಿದರು. ಆಲ್ಮಾ ಸ್ವಾನ್ ಮತ್ತು ಶೆರಿಡನ್ ಬ್ರೌನ್ ಅವರು 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಬೇರೆ ಬೇರೆ ದೇಶಗಳ 1,296 ಸಂಶೋಧಕರು ಉತ್ತರಿಸಿದ್ದರು. ಹಿಂದಿನ ಮೂರು ವರ್ಷಗಳಲ್ಲಿ ಯಾವುದಾದರೂ ಒಂದು ರೀತಿಯಲ್ಲಿ ಒಂದಾದರೂ ಲೇಖನವನ್ನು ತೆರೆದಿಟ್ಟವರು ಅವರಲ್ಲಿ ಶೇ. 49. ಹೀಗೊಂದು ಸಾಧ್ಯತೆ ಇದೆಯೆಂಬುದನ್ನೇ ಅರಿಯದವರು ಶೇ. 36. ಮೊದಲ ಬಾರಿ ಲೇಖನವನ್ನು ಸೇರಿಸುವಾಗ ತೊಡಕಾಯಿತೆಂದು ಹೇಳಿದವರು ಶೇ. 20ರಷ್ಟು, ಮುಂದಿನ ಬಾರಿಗಳಲ್ಲಿ ಅದು ಶೇ. 9ಕ್ಕೆ ಇಳಿದಿತ್ತು. ಸೌತಾಂಪ್ಟನ್ನಿನಲ್ಲಿ ಗಣಕಯಂತ್ರದ ದಾಖಲೆಗಳನ್ನೇ ಪರಿಶೀಲಿಸಿದಾಗ, ಒಂದು ಲೇಖನವನ್ನು ಭಂಡಾರಕ್ಕೆ ಸೇರಿಸಲು ಬೇಕಾದ ಕಾಲ ಸುಮಾರು ಹತ್ತು ನಿಮಿಷ ಎಂದು ತಿಳಿದುಬಂತು. ಒಂದು ಲೇಖನ ಬರೆಯಲು ಒಂದು ವರ್ಷ ಕಳೆಯುವ ಸಂಶೋಧಕನಿಗೆ ಈ ಹತ್ತು ನಿಮಿಷಗಳು ದೊರೆಯಲಿಲ್ಲ.

ಇದಕ್ಕೆ ‘ಸೋಮಾರಿತನ’ ಎಂದು ಹೆಸರಿಟ್ಟು ಮುಗಿಸಿದವರುಂಟು. ಅದು ನ್ಯಾಯವಾದ ತೀರ್ಪಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಡೇವಿಸ್ ಮತ್ತು ಮ್ಯಾಥ್ಯೂ ಕಾನಲಿ ಎಂಬ ಗ್ರಂಥಪಾಲಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಇಡೀ ಸಮಸ್ಯೆಯ ಮೇಲೆ ಬೇರೊಂದು ಬೆಳಕನ್ನು ಚೆಲ್ಲುತ್ತದೆ. ಕಾರ್ನೆಲ್ ತನ್ನ ಅಧ್ಯಾಪಕರಿಗಾಗಿ ಒಂದು ಸಾಂಸ್ಥಿಕ ಭಂಡಾರವನ್ನು ಕಟ್ಟಿತ್ತು. ಅದರ ಒಳಗಿನ ಸಂಗ್ರಹಗಳಲ್ಲಿ ಹಲವು ಸಂಪೂರ್ಣ ಖಾಲಿ. ಮಿಕ್ಕವುಗಳಲ್ಲಿ ಬೆರಳೆಣಿಕೆಯ ಬರಹಗಳು. ಅದೇ ವಿಶ್ವವಿದ್ಯಾಲಯದ ಗ್ರಂಥಾಲಯವೇ ನಡೆಸುತ್ತಿದ್ದ ಆರ್ಕೈವ್‌ಗೆ ಆ ಹೊತ್ತಿಗೆ ಲೋಕದ ಭೌತವಿಜ್ಞಾನಿಗಳಿಂದ ಪ್ರತಿ ತಿಂಗಳೂ ಸಾವಿರಾರು ಲೇಖನಗಳು ಹರಿದುಬರುತ್ತಿದ್ದವು. ಒಂದೇ ಊರು, ಒಂದೇ ಗ್ರಂಥಾಲಯ. ಒಂದು ಭಂಡಾರ ತುಂಬಿ ತುಳುಕುತ್ತಿದೆ, ಇನ್ನೊಂದರಲ್ಲಿ ಧೂಳು.

ಅಧ್ಯಾಪಕರು ಕೊಟ್ಟ ಕಾರಣಗಳು ವಿಚಾರಯೋಗ್ಯವಾಗಿವೆ. ಹಕ್ಕು ಯಾರದೆಂಬ ಗೊಂದಲ ಕೆಲವರಿಗೆ. ಕೃತಿಚೌರ್ಯದ ಭಯ, ತಮ್ಮ ಯೋಚನೆಯನ್ನು ಬೇರೆಯವರು ಮೊದಲು ಪ್ರಕಟಿಸಿಯಾರೆಂಬ ಭಯ ಹಲವರಿಗೆ. ಗುಣಮಟ್ಟ ಒಂದೇ ಸಮನಾಗಿಲ್ಲದ ಬರಹಗಳ ಪಕ್ಕದಲ್ಲಿ ತಮ್ಮ ಬರಹ ಕೂರುವುದು ಬೇಡವೆಂಬ ಸಂಕೋಚ ಮತ್ತೆ ಕೆಲವರಿಗೆ. ಭಂಡಾರಕ್ಕೆ ಸೇರಿಸಿದರೆ ‘ಪ್ರಕಟಿಸಿದಂತೆ’ ಆಗಿ ಪತ್ರಿಕೆಗಳು ತಿರಸ್ಕರಿಸಿಯಾವೆಂಬ ಆತಂಕವೂ ಇತ್ತು. ಈ ಕೊನೆಯ ಆತಂಕದಲ್ಲಿ 1966ರ ಸಂಪಾದಕರ ನಿರ್ಧಾರದ ಪ್ರತಿಧ್ವನಿ ಕೇಳಿಸುತ್ತದೆ. ಪ್ರತಿಯೊಂದು ಶಾಸ್ತ್ರಕ್ಕೂ ತನ್ನದೇ ಆದ ಸಂಪ್ರದಾಯ ಮತ್ತು ಗೌರವದ ಕ್ರಮಗಳಿವೆ, ಅಧ್ಯಾಪಕರ ನಡವಳಿಕೆಯನ್ನು ನಿರ್ಧರಿಸುವುದು ಅವೇ ಎಂದು ಆ ಅಧ್ಯಯನ ತೀರ್ಮಾನಿಸಿತು. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ನಡೆದ ಇನ್ನೊಂದು ಅಧ್ಯಯನಕ್ಕೂ ಇದೇ ಬಗೆಯ ಅನುಭವವಾಗಿತ್ತು. ಸಂಶೋಧಕನು ತನ್ನನ್ನು ತಾನು ಒಂದು ಸಂಸ್ಥೆಯ ನೌಕರನೆಂದು ಭಾವಿಸುವುದಿಲ್ಲ. ತನ್ನ ವಿಷಯದಲ್ಲಿ ಲೋಕದ ಬೇರೆ ಬೇರೆ ಊರುಗಳಲ್ಲಿ ದುಡಿಯುವ ಐವತ್ತು ನೂರು ಮಂದಿಯ ಬಳಗದವನೆಂದು ಭಾವಿಸುತ್ತಾನೆ. ‘ಸಂಸ್ಥೆಯ ಭಂಡಾರ’ ಎಂಬ ಹೆಸರು ಅವನ ಕಿವಿಗೆ ಆಡಳಿತದ ಇನ್ನೊಂದು ಸುತ್ತೋಲೆಯಂತೆ ಕೇಳಿಸುತ್ತದೆ.

ಭಾರತದ ಮೊದಲ ಸಾಂಸ್ಥಿಕ ಭಂಡಾರವು ಹುಟ್ಟಿದ್ದು ಕರ್ನಾಟಕದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರವು 2002ರಲ್ಲಿ, ಬುಡಾಪೆಸ್ಟ್ ಘೋಷಣೆ ಹೊರಬಿದ್ದ ವರ್ಷವೇ, ಸೌತಾಂಪ್ಟನ್ನಿನ ತಂತ್ರಾಂಶವನ್ನು ಬಳಸಿ ಇದನ್ನು ಆರಂಭಿಸಿತು. ಇದರ ಹಿಂದಿದ್ದ ಮುಖ್ಯ ಪ್ರೇರಣೆ ಟಿ. ಬಿ. ರಾಜಶೇಖರ್ ಅವರದು. 2005ರಲ್ಲಿ ಅವರು ಅಕಾಲಿಕವಾಗಿ ತೀರಿಕೊಂಡ ಬಳಿಕ ಫ್ರಾನ್ಸಿಸ್ ಜಯಕಾಂತ್ ಅವರು ಆ ಹೊರೆಯನ್ನು ಹೊತ್ತರು. ಅಧ್ಯಾಪಕರು ತಾವಾಗಿ ಲೇಖನಗಳನ್ನು ತಂದು ಸೇರಿಸುವರೆಂಬ ನಿರೀಕ್ಷೆ ಇಲ್ಲಿಯೂ ಬಹಳ ಕಾಲ ಉಳಿಯಲಿಲ್ಲ. ಆಗ ಕೇಂದ್ರದ ಸಿಬ್ಬಂದಿಯೇ ಕೆಲಸಕ್ಕೆ ಕೈಹಾಕಿದರು. ಸಂಸ್ಥೆಯ ವಿದ್ವಾಂಸರು ಯಾವ ಯಾವ ಪತ್ರಿಕೆಗಳಲ್ಲಿ ಏನೇನು ಬರೆದಿದ್ದಾರೆಂದು ಹುಡುಕಿ, ಆ ಪತ್ರಿಕೆಯ ನಿಯಮ ಏನೆಂದು ನೋಡಿ, ಲೇಖಕರ ಪರವಾಗಿ ಒಂದೊಂದಾಗಿ ದಾಖಲಿಸಿದರು. ಹೀಗೆ ಹತ್ತಾರು ಸಾವಿರ ದಾಖಲೆಗಳು ಸೇರಿದವು. ಈ ಪರಿಶ್ರಮಕ್ಕಾಗಿ ಜಯಕಾಂತ್ ಅವರಿಗೆ, ಅಭಿವೃದ್ಧಿಶೀಲ ದೇಶಗಳಲ್ಲಿ ಮುಕ್ತ ಪ್ರವೇಶಕ್ಕಾಗಿ ದುಡಿದವರಿಗೆ ಕೊಡುವ ಅಂತಾರಾಷ್ಟ್ರೀಯ ಪುರಸ್ಕಾರವೊಂದು ಅದು ಸ್ಥಾಪನೆಯಾದ ಮೊದಲ ಬಾರಿಯೇ ದೊರೆಯಿತು.

‘ಸ್ವಯಂ’ ಸಂಚಯನವೆಂಬ ಪದದ ಮೊದಲರ್ಧವು ಹೀಗೆ ಬೆಂಗಳೂರಿನಲ್ಲಿ ಸದ್ದಿಲ್ಲದೆ ಕಳಚಿಬಿತ್ತು. ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ಕಾಣಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳು ಅತ್ತಿಮಬ್ಬೆ. ಅದನ್ನು ರಚಿಸಿದ ಪೊನ್ನನಲ್ಲ.

ಆದರೆ ಗ್ರಂಥಪಾಲಕರ ಶ್ರಮಕ್ಕೂ ಒಂದು ಮಿತಿಯಿದೆ. ಲೇಖನದ ವಿವರಗಳನ್ನು ಅವರು ದಾಖಲಿಸಬಲ್ಲರು. ಮುಕ್ತವಾಗಿ ತೆರೆಯಬಹುದಾದ ಅಂತಿಮ ಹಸ್ತಪ್ರತಿ ಇರುವುದು ಲೇಖಕನ ಗಣಕಯಂತ್ರದಲ್ಲಿ ಮಾತ್ರ. ಆದ್ದರಿಂದ ಭಂಡಾರದಲ್ಲಿ ಸಾರಾಂಶ ಕಾಣುವ, ಪೂರ್ಣ ಪಾಠ ತೆರೆಯದ ದಾಖಲೆಗಳು ಕಡಿಮೆಯೇನಿಲ್ಲ. ಅಂಥ ಕಡೆ ‘ಪ್ರತಿಯನ್ನು ಕೋರಿರಿ’ ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಲೇಖಕನಿಗೆ ಒಂದು ಪತ್ರ ಹೋಗುತ್ತದೆ. ಅವನು ಮನಸ್ಸು ಮಾಡಿದರೆ ಪ್ರತಿ ಬರುತ್ತದೆ. ರಾಮನ್ ಅವರ ಕಾಲದ ಕಾರ್ಡು ಮತ್ತೆ ಬಂದಿದೆ. ಅಂಚೆಚೀಟಿಯ ಖರ್ಚೊಂದು ಉಳಿದಿದೆ.

ಒಲಿಸುವುದರಿಂದ ಆಗದ್ದು ವಿಧಿಸುವುದರಿಂದ ಆಗಬಹುದೇ ಎಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ದೊರೆತದ್ದು, ಮಾಹಿತಿ ವಿನಿಮಯ ಗುಂಪುಗಳನ್ನು 1967ರಲ್ಲಿ ಕೈಬಿಟ್ಟಿದ್ದ ಅದೇ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ. ತನ್ನ ಧನಸಹಾಯದಿಂದ ನಡೆದ ಸಂಶೋಧನೆಯ ಲೇಖನಗಳನ್ನು ತನ್ನ ಮುಕ್ತ ಭಂಡಾರಕ್ಕೆ ಸೇರಿಸಬೇಕೆಂದು ಅದು 2005ರ ಮೇ ತಿಂಗಳಿನಿಂದ ವಿಜ್ಞಾನಿಗಳನ್ನು ‘ಕೋರಿತು’. ಮೊದಲ ತಿಂಗಳುಗಳಲ್ಲಿ ಆ ಕೋರಿಕೆಯನ್ನು ಮನ್ನಿಸಿದವರು ಶೇ. 5ಕ್ಕಿಂತ ಕಡಿಮೆ. 2007ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಕೋರಿಕೆಯನ್ನು ಕಾನೂನಾಗಿ ಮಾರ್ಪಡಿಸಿತು. 2008ರ ಏಪ್ರಿಲ್ 7ರಿಂದ ಅದು ಕಡ್ಡಾಯವಾಯಿತು. ಅಲ್ಲಿಂದ ಭಂಡಾರ ವೇಗವಾಗಿ ತುಂಬತೊಡಗಿತು. ಸ್ವಾನ್ ಅವರ ಸಮೀಕ್ಷೆ ಇದನ್ನು ಮುಂಚೆಯೇ ಸೂಚಿಸಿತ್ತು. ನಿಮ್ಮ ಸಂಸ್ಥೆ ಕಡ್ಡಾಯ ಮಾಡಿದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ ಸಂತೋಷದಿಂದಲೇ ಪಾಲಿಸುವೆವು ಎಂದವರು ಶೇ. 81, ಮನಸ್ಸಿಲ್ಲದೆ ಪಾಲಿಸುವೆವು ಎಂದವರು ಶೇ. 13. ತಾವಾಗಿ ಮಾಡದ ಕೆಲಸವನ್ನು ಆಜ್ಞೆಯಾದರೆ ಸಂತೋಷದಿಂದ ಮಾಡುವೆವು ಎನ್ನುವುದು ಮೇಲುನೋಟಕ್ಕೆ ವಿರೋಧಾಭಾಸದಂತೆ ಕಾಣುತ್ತದೆ. ಆಜ್ಞೆಯಿದ್ದರೆ ಹಕ್ಕಿನ ಗೊಂದಲದ ಹೊಣೆ ಸಂಸ್ಥೆಗೆ ಸೇರುತ್ತದೆ, ಎಲ್ಲರೂ ಮಾಡುವುದರಿಂದ ತಾನೊಬ್ಬನೇ ಮುಂದೆ ಹೋದ ಭಯವೂ ಇರುವುದಿಲ್ಲ ಎಂದು ತಿಳಿದಾಗ ವಿರೋಧ ಕರಗುತ್ತದೆ.

ಬೆಲ್ಜಿಯಮಿನ ಲಿಯೆಜ್ ವಿಶ್ವವಿದ್ಯಾಲಯದ ಕುಲಪತಿ ಬರ್ನಾರ್ಡ್ ರಾಂಟಿಯೆ ಅವರು ಇನ್ನೂ ಸೂಕ್ಷ್ಮವಾದ ದಾರಿ ಹಿಡಿದರು. ಅಧ್ಯಾಪಕರನ್ನು ಅವರು ಗದರಿಸಲಿಲ್ಲ. 2008ರಲ್ಲಿ ಆರಂಭವಾದ ತಮ್ಮ ಭಂಡಾರದಲ್ಲಿ ಇರುವ ಲೇಖನಗಳನ್ನು ಮಾತ್ರ ಬಡ್ತಿ ಮತ್ತು ಮೌಲ್ಯಮಾಪನದ ವೇಳೆ ಪರಿಗಣಿಸಲಾಗುವುದೆಂದು ಪ್ರಕಟಿಸಿದರು, ಅಷ್ಟೇ. ಹತ್ತು ನಿಮಿಷಗಳು ಎಲ್ಲರಿಗೂ ದೊರೆತವು. ಹಾರ್ವರ್ಡಿನಲ್ಲಿ 2008ರ ಫೆಬ್ರವರಿಯಲ್ಲಿ ಕಲೆ ಮತ್ತು ವಿಜ್ಞಾನ ವಿಭಾಗದ ಅಧ್ಯಾಪಕರು ತಾವೇ ಮತ ಹಾಕಿ ಇಂಥ ನಿಯಮವನ್ನು ತಮ್ಮ ಮೇಲೆ ವಿಧಿಸಿಕೊಂಡರು. ಭಾರತದಲ್ಲಿ ಒಡಿಶಾದ ರೂರ್ಕೆಲಾದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯು 2006ರಷ್ಟು ಹಿಂದೆಯೇ ಈ ಹೆಜ್ಜೆಯನ್ನು ಇಟ್ಟಿತ್ತು. ಕಡ್ಡಾಯದ ನಿಯಮಗಳು ಹೆಚ್ಚಿದಂತೆ ಪ್ರಕಾಶಕರ ಧೋರಣೆಯೂ ಬದಲಾಯಿತು. ಲೇಖಕನು ಸ್ವಇಚ್ಛೆಯಿಂದ ಇರಿಸುವುದಾದರೆ ಇರಿಸಬಹುದು, ಸಂಸ್ಥೆಯ ಕಡ್ಡಾಯಕ್ಕಾಗಿ ಇರಿಸುವುದಾದರೆ ಪ್ರತ್ಯೇಕ ಒಪ್ಪಂದ ಬೇಕು ಎಂಬ ವಿಲಕ್ಷಣ ಷರತ್ತು ಎಲ್ಸೆವಿಯರ್‌ನ ನಿಯಮಾವಳಿಯಲ್ಲಿ ಕೆಲವು ವರ್ಷ ಕಾಣಿಸಿಕೊಂಡಿತ್ತು. ಯಾರೂ ಇರಿಸದಿದ್ದಾಗ ಇದ್ದ ಔದಾರ್ಯ ಎಲ್ಲರೂ ಇರಿಸತೊಡಗಿದಾಗ ಉಳಿಯಲಿಲ್ಲ.

2006ರ ನವೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇರಿದ ಕಾರ್ಯಾಗಾರವು ಅಭಿವೃದ್ಧಿಶೀಲ ದೇಶಗಳಿಗಾಗಿ ಒಂದು ಮಾದರಿ ಮುಕ್ತ ಪ್ರವೇಶ ನೀತಿಯನ್ನೇ ರಚಿಸಿತು. ಚೆನ್ನೈನ ಸುಬ್ಬಯ್ಯ ಅರುಣಾಚಲಂ ಅವರು ಅದಕ್ಕೂ ಮೊದಲಿನಿಂದ ಈ ವಿಷಯವನ್ನು ದಣಿವಿಲ್ಲದೆ ಹೇಳುತ್ತ ಬಂದವರು. ಆದರೂ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ-ತಂತ್ರಜ್ಞಾನ ಇಲಾಖೆಗಳು ಮುಕ್ತ ಪ್ರವೇಶ ನೀತಿಯನ್ನು ಪ್ರಕಟಿಸಿದ್ದು 2014ರ ಡಿಸೆಂಬರ್‌ನಲ್ಲಿ. ಲಿಯೆಜ್‌ನ ಅನುಭವವನ್ನು ಬಲ್ಲವರ ದೃಷ್ಟಿಯಿಂದ ನೋಡಿದರೆ, ನಿಯಮವನ್ನು ಬರೆಯುವುದು ಅರ್ಧ ಕೆಲಸ. ಅದನ್ನು ಪಾಲಿಸಿದ್ದಾರೆಯೇ ಎಂದು ಬಡ್ತಿಯ ಮೇಜಿನ ಮೇಲೆ ನೋಡುವುದು ಉಳಿದರ್ಧ.

ಕಡ್ಡಾಯವು ಭಾರತದಲ್ಲಿ ನಿಜವಾಗಿ ಫಲಿಸಿದ್ದು ಪಿಎಚ್.ಡಿ. ಪ್ರಬಂಧಗಳ ವಿಷಯದಲ್ಲಿ. ಇದರ ಮೊದಲ ಪ್ರಯೋಗವೂ ಕರ್ನಾಟಕದ್ದೇ. ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 2000ದ ಸುಮಾರಿಗೆ ‘ವಿದ್ಯಾನಿಧಿ’ ಎಂಬ ಯೋಜನೆ ಆರಂಭವಾಗಿ ಭಾರತೀಯ ಪ್ರಬಂಧಗಳನ್ನು ಒಂದೆಡೆ ತರಲು ಯತ್ನಿಸಿತು. ಆಗ ಅದು ವಿಶ್ವವಿದ್ಯಾಲಯಗಳ ಮನವೊಲಿಸಿಯೇ ಮುಂದುವರಿಯಬೇಕಾಗಿತ್ತು. 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದನ್ನು ನಿಯಮವಾಗಿಸಿತು. ‘ಶೋಧಗಂಗಾ’ ಭಂಡಾರಕ್ಕೆ ಅದರಿಂದ ಬಲ ಬಂತು. ಹಿಂದೆ ವಿಶ್ವವಿದ್ಯಾಲಯದ ಬೀರುವಿನಲ್ಲಿ ಬೀಗದೊಳಗೆ ಇರುತ್ತಿದ್ದ ಕನ್ನಡದ ಪ್ರಬಂಧಗಳನ್ನು ಇಂದು ಬೀದರಿನ ಕಾಲೇಜಿನ ಉಪನ್ಯಾಸಕನೂ ಮನೆಯಲ್ಲಿ ಕುಳಿತು ಓದಬಹುದು. ಹಳಗನ್ನಡ, ಶಾಸನ, ಜಾನಪದಗಳನ್ನು ಕುರಿತು ಇನ್ನೂ ಪುಸ್ತಕವಾಗದ ಎಷ್ಟೋ ದುಡಿಮೆ ಅಲ್ಲಿ ದೊರೆಯುತ್ತದೆ. ಅದೇ ಪ್ರಾಧ್ಯಾಪಕರು ಪದವಿ ಪಡೆದ ಮೇಲೆ ಬರೆದ ಲೇಖನಗಳಿಗೆ ಇಂಥ ನಿಯಮವಿಲ್ಲ. ಅವು ಸ್ಮರಣ ಸಂಚಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ನಿಂತುಹೋದ ತ್ರೈಮಾಸಿಕಗಳಲ್ಲಿ ಹರಿದು ಹಂಚಿಹೋಗಿವೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ನೀಡಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆಗಳು ಮತ್ತು ಸಂಶೋಧನ ಕೇಂದ್ರಗಳು. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಇದರಿಂದ ಆಗುವ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯಬಾರದು. ಆದರೆ ಇದು ಬಾಡಿಗೆಗೆ ಪಡೆದ ಓದು. ಹಣ ಸಂದಾಯವಾಗುವವರೆಗೆ ಬಾಗಿಲು ತೆರೆದಿರುತ್ತದೆ. ಯಾವ ಸಂಸ್ಥೆಗೂ ಸೇರದ ವಿದ್ವಾಂಸ, ನಿವೃತ್ತ ಅಧ್ಯಾಪಕ, ನೇಪಾಳದ ಅಥವಾ ಕೀನ್ಯಾದ ಓದುಗ, ಇವರಿಗೆ ಭಾರತದ ಸಂಶೋಧಕನ ಲೇಖನವು ಮೊದಲಿನಂತೆಯೇ ಮುಚ್ಚಿರುತ್ತದೆ. ಆ ಬಾಗಿಲನ್ನು ತೆರೆಯುವ ಹತ್ತು ನಿಮಿಷಗಳು ಇಂದಿಗೂ ಲೇಖಕನ ಬಳಿಯೇ ಇವೆ.

ಆರ್ಕೈವ್‌ಗೆ ಲೇಖನ ಸಲ್ಲಿಸಲು ನಿತ್ಯದ ಗಡುವು ಅಮೆರಿಕದ ಪೂರ್ವ ತೀರದ ಮಧ್ಯಾಹ್ನ ಎರಡು ಗಂಟೆ. ಆ ಗಳಿಗೆ ಕಳೆದ ಕೂಡಲೇ ಬಂದ ಲೇಖನಗಳು ಮರುದಿನದ ಪಟ್ಟಿಯ ತಲೆಯಲ್ಲಿ ನಿಲ್ಲುತ್ತವೆ. ತಲೆಯಲ್ಲಿ ನಿಂತವು ಹೆಚ್ಚು ಓದಲ್ಪಡುತ್ತವೆ, ಹೆಚ್ಚು ಉಲ್ಲೇಖಗೊಳ್ಳುತ್ತವೆ ಎಂಬುದನ್ನು ಗಿನ್ಸ್‌ಪರ್ಗ್ ಅವರೂ ಒಬ್ಬ ಸಹಲೇಖಕರೂ 2009ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಆದ್ದರಿಂದ ಆ ಕ್ಷಣಕ್ಕಾಗಿಯೇ ಕಾದು ಕುಳಿತು ಲೇಖನ ಕಳುಹಿಸುವವರುಂಟು. ಅಮೆರಿಕದ ಆ ಎರಡು ಗಂಟೆ ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದೂವರೆ, ಚಳಿಗಾಲದಲ್ಲಾದರೆ ಹನ್ನೆರಡೂವರೆ.